ಭದ್ರತಾ ತಪಾಸಣೆಯ ಎದುರು ಕುಶಾಲು ಬೇಡ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಿಸ್ಟರ್ ಅವರು ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಹಿಂದಿನ ಸಭೆಗಳಲ್ಲಿ ನಾವು ಸಾಲ ಮರುಪಾವತಿ, ಹೈನುಗಾರಿಕೆ, ಮಕ್ಕಳ ಆರೋಗ್ಯ ಇಂಥ ವಿಷಯಗಳನ್ನು ಮಾತಾಡಿದ್ದೇವೆ. ಇವತ್ತಿನ ವಿಷಯ ಕೇಳಿದಾಗ ಹಿಂದಿನ ಸಾಲಿನಲ್ಲಿ ಕೆಲವರು ಮುಸಿ ಮುಸಿ ನಕ್ಕದ್ದು ನನಗೆ ಕಾಣಿಸಿತು. "ಸಿಸ್ಟರ್, ನಮಗೂ ವಿಮಾನಕ್ಕೂ ಏನು ಸಂಬಂಧ? ನಾವು ಬಸ್ಸಿನಲ್ಲಿ ಹೋಗುವವರು" ಅಂತ ಒಬ್ಬರು ಹೇಳಿಯೂ ಬಿಟ್ಟರು.

ನಿಮ್ಮ ನಿಮ್ಮ ಮನೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಗಲ್ಫಿಗೆ ಹೋದ ಒಬ್ಬರಾದರೂ ಇಲ್ಲದ ಕುಟುಂಬ ಕಡಿಮೆ. ಮಗ ದುಬಾಯಿಯಲ್ಲಿ, ತಂಗಿ ಕುವೈತಿನಲ್ಲಿ ಮನೆಗೆಲಸಕ್ಕೆ, ಸೊಸೆ ನರ್ಸ್, ಅಳಿಯ ಮುಂಬಯಿಯಲ್ಲಿ. ಮಗಳ ಬಾಣಂತನಕ್ಕೆ ಅಂತ ತಾಯಂದಿರು ಐವತ್ತು, ಅರವತ್ತು ವರ್ಷಕ್ಕೆ ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ. ಅಂಥವರಿಗೆ ಟಿಕೇಟು, ಪಾಸ್‌ಪೋರ್ಟು, ಬ್ಯಾಗಿನ ತೂಕ ಎಲ್ಲವನ್ನೂ ಹತ್ತು ಜನ ಹೇಳಿಕೊಡುತ್ತಾರೆ. ಬಾಯಿಯ ವಿಷಯ ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕಾಗಿ ಇವತ್ತು ಈ ಮಾತು.

ವಿಷಯ ಇಷ್ಟೇ: ವಿಮಾನ ನಿಲ್ದಾಣದಲ್ಲಿ ನಮ್ಮನ್ನು, ನಮ್ಮ ಬ್ಯಾಗನ್ನು ತಪಾಸಣೆ ಮಾಡುವವರ ಹತ್ತಿರ ಬಾಂಬ್, ಪಿಸ್ತೂಲು, ಹೈಜಾಕ್ ಇಂಥ ಶಬ್ದ ಹಿಡಿದು ಕುಶಾಲು ಮಾಡಬಾರದು. ಮಾಡಿದರೆ ಏನಾಗುತ್ತದೆ, ಯಾಕೆ ಹಾಗಾಗುತ್ತದೆ ಅನ್ನುವುದನ್ನು ನೋಡುವಾ.

ನಡೆದ ಸಂಗತಿಗಳು

ಮೊದಲು ನಮ್ಮ ಪಕ್ಕದ ಕೇರಳದ್ದು. 2024ರ ಆಗಸ್ಟ್ 11ರಂದು ಕೊಚ್ಚಿ ವಿಮಾನ ನಿಲ್ದಾಣದಲ್ಲಿ ಮುಂಬಯಿಗೆ ಹೊರಟಿದ್ದ ಒಬ್ಬರು ಎಕ್ಸ್-ರೇ ತಪಾಸಣೆಯ ಹತ್ತಿರ ಇದ್ದ ಸಿಬ್ಬಂದಿಯನ್ನು, "ನನ್ನ ಬ್ಯಾಗಿನಲ್ಲಿ ಬಾಂಬ್ ಇದೆಯಾ?" ಅಂತ ಕೇಳಿದರು. ಅಷ್ಟೇ. "ಇದೆ" ಅಂತಲೂ ಹೇಳಲಿಲ್ಲ, ಕೇಳಿದ್ದು ಮಾತ್ರ. ಬಾಂಬ್ ಪತ್ತೆ ದಳ ಬಂತು, ಬ್ಯಾಗುಗಳನ್ನೆಲ್ಲ ಜಾಲಾಡಿತು, ಏನೂ ಸಿಗಲಿಲ್ಲ. ಆದರೂ ಆ ಮನುಷ್ಯನನ್ನು ಪೊಲೀಸರಿಗೆ ಒಪ್ಪಿಸಿದರು, ಬಂಧನವಾಯಿತು. ವಿಮಾನ ಅವರನ್ನು ಬಿಟ್ಟು ಹೋಯಿತು.

ಅದೇ ತಿಂಗಳು, ಅದೇ ಕೊಚ್ಚಿಯಲ್ಲಿ, ಥಾಯ್ಲೆಂಡಿಗೆ ಹೊರಟ ಇನ್ನೊಬ್ಬರ ಕಥೆ. ಬ್ಯಾಗಿನಲ್ಲಿ ಏನಿದೆ ಅಂತ ಸಿಬ್ಬಂದಿ ಕೇಳಿದಾಗ ಅವರಿಗೆ ಸಿಟ್ಟು ಬಂತು, "ಬಾಂಬ್" ಅಂದುಬಿಟ್ಟರು. ಅವರನ್ನು ಹಿಡಿದರು. ಜೊತೆಗಿದ್ದ ಹೆಂಡತಿ, ಮಗ ಕೂಡ ಪ್ರಯಾಣ ಬಿಡಬೇಕಾಯಿತು. ಅವರೆಲ್ಲರ ಸಾಮಾನನ್ನು ವಿಮಾನದ ಹೊಟ್ಟೆಯಿಂದ ಹುಡುಕಿ ಕೆಳಗಿಳಿಸುವಾಗ ಉಳಿದ ಪ್ರಯಾಣಿಕರೆಲ್ಲ ಎರಡು ಗಂಟೆಗೂ ಹೆಚ್ಚು ಕಾದರು.

ಇದಕ್ಕೆ ಮೊದಲು, 2024ರ ಏಪ್ರಿಲ್ 5ರಂದು ದೆಹಲಿಯಲ್ಲಿ ಅಹಮದಾಬಾದಿಗೆ ಹೊರಟ ಇಬ್ಬರನ್ನು ವಿಮಾನ ಹತ್ತುವ ಮುಂಚೆ ಇನ್ನೊಮ್ಮೆ ತಪಾಸಣೆ ಮಾಡಿದರು. "ಒಮ್ಮೆ ಆಯ್ತಲ್ಲ, ಮತ್ತೆ ಯಾಕೆ? ನನ್ನ ಹತ್ತಿರ ಅಣುಬಾಂಬ್ ಇದ್ದರೆ ಏನು ಮಾಡ್ತೀರಿ?" ಅನ್ನುವ ಅರ್ಥದ ಮಾತು ಬಂತು. ಇಬ್ಬರೂ ಬಂಧನಕ್ಕೊಳಗಾದರು.

ಈಗ ನಮ್ಮ ಮಂಗಳೂರಿನದ್ದು. 2022ರ ಆಗಸ್ಟ್ 14, ಭಾನುವಾರ. ಮುಂಬಯಿಗೆ ಹೋಗುವ ವಿಮಾನ ಹೊರಡಲು ಸಿದ್ಧವಾಗಿತ್ತು. ಒಳಗೆ ಕುಳಿತ ಯುವಕನೊಬ್ಬ ಮೊಬೈಲಿನಲ್ಲಿ ತನ್ನ ಗೆಳತಿಯೊಂದಿಗೆ ಮೆಸೇಜ್ ಮಾಡುತ್ತಿದ್ದ. ಆಕೆ ಅದೇ ನಿಲ್ದಾಣದಿಂದ ಬೆಂಗಳೂರಿನ ವಿಮಾನ ಹತ್ತಬೇಕಿತ್ತು. ಇಬ್ಬರೂ ಭದ್ರತೆಯ ವಿಷಯದಲ್ಲಿ ತಮಾಷೆ ಮಾಡಿಕೊಂಡಿದ್ದರು. ಆ ಮೆಸೇಜು ಹತ್ತಿರದ ಸೀಟಿನ ಮಹಿಳೆಯೊಬ್ಬರ ಕಣ್ಣಿಗೆ ಬಿತ್ತು. ಅವರು ಹೆದರಿ ಸಿಬ್ಬಂದಿಗೆ ಹೇಳಿದರು. ವಿಮಾನ ವಾಪಸು ಬಂತು. 185 ಜನರನ್ನು ಇಳಿಸಿದರು, ಸಾಮಾನುಗಳನ್ನೆಲ್ಲ ಮತ್ತೆ ತಪಾಸಣೆ ಮಾಡಿದರು. ವಿಮಾನ ಹೊರಟದ್ದು ಸುಮಾರು ಆರು ಗಂಟೆ ತಡವಾಗಿ, ಸಂಜೆ ಐದಕ್ಕೆ. ಹುಡುಗನನ್ನು ವಿಚಾರಣೆಗೆ ಇಟ್ಟುಕೊಂಡದ್ದರಿಂದ ಅವನಿಗೆ ಹತ್ತಲಿಕ್ಕೆ ಆಗಲಿಲ್ಲ. ಹುಡುಗಿಗೆ ಬೆಂಗಳೂರಿನ ವಿಮಾನ ತಪ್ಪಿತು. ಅದು ಗೆಳೆಯರ ನಡುವಿನ ಮಾತುಕತೆ ಅಂತ ಆಮೇಲೆ ಪೊಲೀಸ್ ಕಮಿಷನರರೇ ಹೇಳಿದರು. ಆದರೆ ಅಷ್ಟು ಹೊತ್ತಿಗೆ ಆಗುವುದೆಲ್ಲ ಆಗಿಹೋಗಿತ್ತು.

ಈ ನಾಲ್ಕರಲ್ಲಿ ಒಬ್ಬರ ಹತ್ತಿರವೂ ಬಾಂಬ್ ಇರಲಿಲ್ಲ. ಯಾರೂ ಭಯೋತ್ಪಾದಕರಲ್ಲ. ನಮ್ಮ ನಿಮ್ಮ ಮನೆಯ ಗಂಡಸರ ಹಾಗೆ, ಮಕ್ಕಳ ಹಾಗೆ ಇದ್ದವರು.

ಅವರು ಯಾಕೆ ನಗುವುದಿಲ್ಲ?

"ಒಂದು ಮಾತಿಗೆ ಇಷ್ಟೆಲ್ಲ ಬೇಕಾ ಸಿಸ್ಟರ್? ಮುಖ ನೋಡಿದರೆ ಗೊತ್ತಾಗುವುದಿಲ್ಲವಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1985ರ ಜೂನ್ ತಿಂಗಳು. ಕೆನಡಾದ ವ್ಯಾಂಕೂವರ್ ನಿಲ್ದಾಣದಲ್ಲಿ ಒಬ್ಬ ಮನುಷ್ಯ ತನ್ನ ಸೂಟ್‌ಕೇಸನ್ನು ಭಾರತಕ್ಕೆ ಹೋಗುವ ಏರ್ ಇಂಡಿಯಾ ವಿಮಾನಕ್ಕೆ ನೇರವಾಗಿ ಕಳಿಸಿ ಅಂತ ಕೌಂಟರಿನಲ್ಲಿ ವಾದ ಮಾಡಿದ. ಅವನ ಸೀಟು ಇನ್ನೂ ಖಚಿತವಾಗಿರಲಿಲ್ಲ, ಹಾಗೆ ಕಳಿಸಲು ನಿಯಮ ಇರಲಿಲ್ಲ. ಕೌಂಟರಿನ ಉದ್ಯೋಗಿ ಮೊದಲು ಆಗುವುದಿಲ್ಲ ಅಂದರು. ಹಿಂದೆ ಜನ ಸಾಲು ನಿಂತಿದ್ದರು, ಅವನು ಬಿಡಲಿಲ್ಲ. ಕೊನೆಗೆ ಅವರು ಒಪ್ಪಿದರು. ಸೂಟ್‌ಕೇಸು ಹೋಯಿತು, ಆ ಮನುಷ್ಯ ವಿಮಾನ ಹತ್ತಲೇ ಇಲ್ಲ. ಜೂನ್ 23ರಂದು ಐರ್ಲೆಂಡಿನ ಹತ್ತಿರ ಸಮುದ್ರದ ಮೇಲೆ 'ಕನಿಷ್ಕ' ಎಂಬ ಆ ವಿಮಾನ ಸಿಡಿಯಿತು. 329 ಜನ ಸತ್ತರು. ಅದರಲ್ಲಿ ಎಷ್ಟೋ ಮಂದಿ ರಜೆಗೆ ಅಜ್ಜ ಅಜ್ಜಿಯನ್ನು ನೋಡಲು ಹೊರಟ ಮಕ್ಕಳು. ಕೌಂಟರಿನಲ್ಲಿ ಒಂದು ಕ್ಷಣ "ಹೋಗಲಿ ಬಿಡು" ಅಂದದ್ದಕ್ಕೆ ಕೊಟ್ಟ ಬೆಲೆ ಇದು. ಪ್ರಯಾಣಿಕ ಇಳಿದರೆ ಅವನ ಬ್ಯಾಗೂ ಇಳಿಯಬೇಕು ಅನ್ನುವ ನಿಯಮವನ್ನು ಇಷ್ಟು ಗಟ್ಟಿಯಾಗಿ ಹಿಡಿಯಲು ಈ ದುರಂತ ದೊಡ್ಡ ಕಾರಣ. ಕೊಚ್ಚಿಯಲ್ಲಿ ಸಾಮಾನು ಇಳಿಸಲು ಅಷ್ಟು ಹೊತ್ತು ಹಿಡಿದದ್ದು ಯಾಕೆ ಅಂತ ಈಗ ನಿಮಗೆ ಗೊತ್ತಾಯಿತಲ್ಲ.

1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದದ್ದು ಹಿರಿಯರಿಗೆ ನೆನಪಿರಬಹುದು. ಒಬ್ಬ ಪ್ರಯಾಣಿಕನನ್ನು ಕೊಂದರು. ಡಿಸೆಂಬರ್ 31ರವರೆಗೆ ಉಳಿದವರು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದರು. ಅದರ ನಂತರ, 2000ದಿಂದ, ನಮ್ಮ ದೇಶದ ವಿಮಾನ ನಿಲ್ದಾಣಗಳ ಕಾವಲನ್ನು ಒಂದೊಂದಾಗಿ ಸಿಐಎಸ್‌ಎಫ್ ಅಂದರೆ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ವಹಿಸುತ್ತಾ ಬಂದರು. ಮಂಗಳೂರಿನಲ್ಲಿ ನಿಮ್ಮ ಬ್ಯಾಗ್ ನೋಡುವವರೂ ಅವರೇ.

ಇವೆಲ್ಲ ದೂರದ ಕಥೆ ಅನ್ನಬೇಡಿ. 2020ರ ಜನವರಿ 20ರಂದು ನಮ್ಮ ಬಜ್ಪೆ ನಿಲ್ದಾಣದಲ್ಲೇ, ಟಿಕೇಟ್ ಕೌಂಟರಿನ ಹತ್ತಿರ, ವಾರಸುದಾರರಿಲ್ಲದ ಒಂದು ಬ್ಯಾಗ್ ಸಿಐಎಸ್‌ಎಫ್ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಅದರೊಳಗೆ ನಿಜವಾದ ಬಾಂಬ್ ಇತ್ತು. ಕೆಂಜಾರಿನ ಮೈದಾನಕ್ಕೆ ಒಯ್ದು ಅದನ್ನು ಸ್ಫೋಟಿಸಿದರು. ಎರಡು ದಿನದ ಮೇಲೆ ಬೆಂಗಳೂರಿನಲ್ಲಿ ಶರಣಾದ ವ್ಯಕ್ತಿಗೆ 2022ರಲ್ಲಿ ಮಂಗಳೂರಿನ ನ್ಯಾಯಾಲಯ 20 ವರ್ಷ ಜೈಲು ವಿಧಿಸಿತು. ಇದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಇದೇ ವ್ಯಕ್ತಿ 2018ರಲ್ಲಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹುಸಿ ಬಾಂಬ್ ಕರೆ ಮಾಡಿ ಬಂಧನಕ್ಕೊಳಗಾಗಿದ್ದ. ಅಂದರೆ 2018ರಲ್ಲಿ ಸುಳ್ಳು ಹೇಳಿದವನೇ 2020ರಲ್ಲಿ ನಿಜವಾದದ್ದನ್ನು ತಂದಿಟ್ಟ.

ಈಗ ಹೇಳಿ, ತಪಾಸಣೆಯ ಮೇಜಿನ ಹಿಂದೆ ನಿಂತ ಆ ಹುಡುಗಿ ಮುಖ ನೋಡಿ ತೀರ್ಮಾನ ಮಾಡಬಹುದಾ? ನಾವು ಸಂಘದಲ್ಲಿ ಸಾಲ ಕೊಡುವಾಗ ಎಷ್ಟೇ ಪರಿಚಯ ಇದ್ದರೂ ಪುಸ್ತಕ ನೋಡುತ್ತೇವೆ, ಸಹಿ ಹಾಕಿಸುತ್ತೇವೆ. ಲೆಕ್ಕದಲ್ಲಿ ಹತ್ತು ರೂಪಾಯಿ ತಪ್ಪಿದರೆ ಸರಿಪಡಿಸಬಹುದು. ಅವಳ ಲೆಕ್ಕ ತಪ್ಪಿದರೆ ಸರಿಪಡಿಸಲಿಕ್ಕೆ ಯಾರೂ ಉಳಿಯುವುದಿಲ್ಲ. ಅವಳೂ ಯಾವುದೋ ಊರಿನ ಯಾರದೋ ಮಗಳು, ಮನೆಯಲ್ಲಿ ನಮ್ಮ ಹಾಗೆಯೇ ನಗುವವಳು. ಆದರೆ ಆ ಶಬ್ದ ಕಿವಿಗೆ ಬಿದ್ದ ಮೇಲೆ ನಗುವ ಸ್ವಾತಂತ್ರ್ಯ ಅವಳಿಗಿಲ್ಲ. ಮೇಲಿನವರಿಗೆ ತಿಳಿಸಲೇಬೇಕು. ತಿಳಿಸದೆ ಬಿಟ್ಟದ್ದು ಗೊತ್ತಾದರೆ ಅವಳ ಕೆಲಸಕ್ಕೇ ಕುತ್ತು. ಎದುರಿನವರಿಗೆ ನಗುವ ಸ್ವಾತಂತ್ರ್ಯ ಇಲ್ಲದ ಜಾಗದಲ್ಲಿ ನಾವು ಕುಶಾಲು ಮಾಡಬಾರದು. ಇವತ್ತು ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಒಂದು ಮಾತಿನ ನಂತರ

ಮಾತು ಮೇಲಿನವರಿಗೆ ತಲುಪಿದ ಕೂಡಲೇ ನಿಮ್ಮನ್ನು ಬದಿಗೆ ಕರೆಯುತ್ತಾರೆ. ಬ್ಯಾಗನ್ನು, ಮೈಯನ್ನು ಮತ್ತೆ ಪೂರ್ತಿ ತಪಾಸಣೆ ಮಾಡುತ್ತಾರೆ. ವಿಷಯ ವಿಮಾನಕ್ಕೆ ಸಂಬಂಧಿಸಿದ್ದಾದರೆ ಅಧಿಕಾರಿಗಳ ಒಂದು ಸಮಿತಿ ಕೂಡಿ, ಬೆದರಿಕೆ ಎಷ್ಟು ಗಂಭೀರ ಅಂತ ತೂಗಿ ನೋಡುತ್ತದೆ. ಬೇಕೆಂದರೆ ವಿಮಾನವನ್ನು ಒಂಟಿ ಜಾಗಕ್ಕೆ ಒಯ್ದು ಎಲ್ಲರನ್ನೂ ಇಳಿಸಿ, ನಾಯಿ ದಳ, ಬಾಂಬ್ ದಳ ಕರೆಸಿ ಹುಡುಕುತ್ತಾರೆ. ಕೊನೆಗೆ ನಿಮ್ಮನ್ನು ಸ್ಥಳೀಯ ಪೊಲೀಸ್ ಠಾಣೆಗೆ ಒಪ್ಪಿಸುತ್ತಾರೆ.

ನಮ್ಮಂಥವರಿಗೆ ಪೆಟ್ಟು ಬೀಳುವುದು ಎಲ್ಲಿ ನೋಡಿ. ಒಬ್ಬ ಅಕ್ಕ ಕುವೈತಿಗೆ ಹೊರಟಿದ್ದಾಳೆ ಅಂದುಕೊಳ್ಳಿ. ಸಂಘದಿಂದ ಸಾಲ, ಬಳೆ ಅಡವು, ಉಳಿದದ್ದು ಭಾವನ ಹತ್ತಿರ ಕೈಸಾಲ. ವಿಮಾನ ತಪ್ಪಿದರೆ ಟಿಕೇಟಿನ ಹಣ ಹೋಯಿತು. ವೀಸಾಕ್ಕೆ ದಿನಾಂಕ ಇದೆ, ಅದು ಮುಗಿದರೆ ಕೆಲಸವೂ ಹೋಯಿತು. ಠಾಣೆಯಲ್ಲಿ ಕೇಸು ದಾಖಲಾದರೆ ಪಾಸ್‌ಪೋರ್ಟ್ ನವೀಕರಣಕ್ಕೆ ತೊಂದರೆ, ಕೇಸು ಮುಗಿಯುವವರೆಗೆ ನ್ಯಾಯಾಲಯದ ಅನುಮತಿ ತರಬೇಕಾಗಬಹುದು. ಕುವೈತಿನಂಥ ದೇಶದ ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕು, ಕೇಸಿದ್ದರೆ ಅದು ಸುಲಭವಾಗಿ ಸಿಗುವುದಿಲ್ಲ. ಸಾಲದ ಕಂತು ಮಾತ್ರ ಮುಂದಿನ ತಿಂಗಳ ಸಭೆಗೆ ಸರಿಯಾಗಿ ಬಂದು ನಿಲ್ಲುತ್ತದೆ. ಅದಕ್ಕೆ ಜಾಮೀನು ನಿಂತವರು ಇಲ್ಲೇ ಕುಳಿತ ನಾವು.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಸುಳ್ಳು ಎಂದು ಗೊತ್ತಿದ್ದೂ ಸರಕಾರಿ ನೌಕರರಿಗೆ ಸುಳ್ಳು ಮಾಹಿತಿ ಕೊಟ್ಟು ಅವರನ್ನು ಓಡಾಡಿಸಿದರೆ ಅದರ 217ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸುಳ್ಳು ಸುದ್ದಿ ಹಬ್ಬಿಸಿ ಜನರಲ್ಲಿ ಭಯ ಹುಟ್ಟಿಸಿದರೆ 353ನೇ ಕಲಮಿನಂತೆ ಮೂರು ವರ್ಷದವರೆಗೆ ಜೈಲು. ಇದಲ್ಲದೆ 2024ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ವಿಮಾನ ಭದ್ರತಾ ನಿಯಮಗಳಿಗೆ ತಿದ್ದುಪಡಿ ಮಾಡಿತು. ಅದರಂತೆ ವಿಮಾನದ ಬಗ್ಗೆ ಸುಳ್ಳು ಬೆದರಿಕೆಯ ಮಾಹಿತಿ ಕೊಟ್ಟ ವ್ಯಕ್ತಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ವಿಮಾನ ಅಪಹರಣದ ಬಗ್ಗೆ 2016ರಲ್ಲಿ ಬೇರೆಯೇ ಕಾನೂನು ಬಂದಿದೆ. ಅದರಲ್ಲಿ ನಂಬುವಂಥ ಬೆದರಿಕೆ ಹಾಕಿದರೂ ಅಪಹರಣದ ಅಪರಾಧವೇ, ಶಿಕ್ಷೆ ಜೀವಾವಧಿ. ಕುಶಾಲಿನ ಮಾತಿಗೆಲ್ಲ ಈ ಕಾನೂನು ಹಾಕುತ್ತಾರೆ ಅಂತ ಅರ್ಥವಲ್ಲ. ಆದರೆ 'ಹೈಜಾಕ್' ಅನ್ನುವ ಶಬ್ದದ ಭಾರ ಎಷ್ಟು ಅಂತ ತಿಳಿದಿರಲಿ. ಹೊರದೇಶಗಳಲ್ಲೂ ಸಡಿಲ ಇಲ್ಲ. ಸಿಂಗಾಪುರದಲ್ಲಿ ಸುಳ್ಳು ಬಾಂಬ್ ಬೆದರಿಕೆಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ಸಿಂಗಾಪುರ ಡಾಲರಿನವರೆಗೆ ದಂಡ ಇದೆ. ಪರದೇಶದಲ್ಲಿ ಭಾಷೆ ಗೊತ್ತಿಲ್ಲ, ವಕೀಲರ ಪರಿಚಯ ಇಲ್ಲ. ಅಲ್ಲಿ ಸಿಕ್ಕಿಬಿದ್ದರೆ ಅಳಲಿಕ್ಕೂ ಜೊತೆ ಇರುವುದಿಲ್ಲ.

ಮೊಬೈಲಿನ ಕುಶಾಲು, ಮಕ್ಕಳ ಕುಶಾಲು

ಬಾಯಲ್ಲಿ ಹೇಳಿದರೆ ಮಾತ್ರ ತೊಂದರೆ ಅಂತಲ್ಲ, ಮೊಬೈಲಿನಲ್ಲಿ ಬರೆದರೂ ಅಷ್ಟೇ. 2022ರ ಜುಲೈಯಲ್ಲಿ ಲಂಡನಿನ ಗ್ಯಾಟ್ವಿಕ್ ನಿಲ್ದಾಣದಿಂದ ಸ್ಪೇನಿನ ದ್ವೀಪಕ್ಕೆ ಗೆಳೆಯರ ಜೊತೆ ಹೊರಟ ಹದಿನೆಂಟು ವರ್ಷದ ಒಬ್ಬ ಹುಡುಗ, ವಿಮಾನವನ್ನು ಸ್ಫೋಟಿಸಲು ಹೊರಟಿದ್ದೇನೆ ಅಂತ ಗೆಳೆಯರಿಗೆ ತಮಾಷೆಯ ಮೆಸೇಜ್ ಹಾಕಿದ. ಗೆಳೆಯರಿಗೆ ಮಾತ್ರ. ಅದು ಅಧಿಕಾರಿಗಳಿಗೆ ತಲುಪಿತು. ಸ್ಪೇನಿನ ಯುದ್ಧವಿಮಾನ ಅವರ ವಿಮಾನದ ಬೆನ್ನು ಹತ್ತಿತು. ಇಳಿದ ಕೂಡಲೇ ಹುಡುಗನನ್ನು ಹಿಡಿದರು, ಎರಡು ದಿನ ಲಾಕಪ್ಪಿನಲ್ಲಿ ಕಳೆದ. ಒಂದೂವರೆ ವರ್ಷದ ನಂತರ, 2024ರ ಜನವರಿಯಲ್ಲಿ, ಮ್ಯಾಡ್ರಿಡ್ ನ್ಯಾಯಾಲಯ ಅವನನ್ನು ನಿರ್ದೋಷಿ ಅಂತ ಬಿಟ್ಟಿತು. ಖಾಸಗಿ ಮಾತು, ಸ್ಫೋಟಕ ಯಾವುದೂ ಇರಲಿಲ್ಲ ಅನ್ನುವುದನ್ನು ನ್ಯಾಯಾಲಯ ಒಪ್ಪಿತು. ನ್ಯಾಯ ಸಿಕ್ಕಿತು, ಸರಿ. ಆದರೆ ಆ ಒಂದೂವರೆ ವರ್ಷ ಅವನ ತಾಯಿ ನಿದ್ದೆ ಮಾಡಿರಬಹುದಾ?

ನಮ್ಮ ದೇಶದಲ್ಲಿ 2024ರಲ್ಲಿ ಹುಸಿ ಬೆದರಿಕೆಗಳ ಪ್ರವಾಹವೇ ಬಂತು. ಜನವರಿಯಿಂದ ನವೆಂಬರ್ 13ರವರೆಗೆ ವಿಮಾನಗಳಿಗೆ 994 ಹುಸಿ ಬಾಂಬ್ ಬೆದರಿಕೆ ಬಂದಿದೆ ಅಂತ ಸರಕಾರ ಸಂಸತ್ತಿಗೆ ತಿಳಿಸಿತು. ಅಕ್ಟೋಬರಿನಲ್ಲಿ ಮುಂಬಯಿ ಪೊಲೀಸರು ಇಂಥ ಬೆದರಿಕೆಗಾಗಿ ಹಿಡಿದದ್ದು ಛತ್ತೀಸ್‌ಗಡದ ಹದಿನೇಳು ವರ್ಷದ ಒಬ್ಬ ಹುಡುಗನನ್ನು. ಹಣದ ಜಗಳ ಇದ್ದ ಇನ್ನೊಬ್ಬನ ಹೆಸರಿನಲ್ಲಿ ಖಾತೆ ತೆರೆದು ಬೆದರಿಕೆ ಹಾಕಿದ್ದ. ನಿಮ್ಮ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ಸಿಮ್ ನಿಮ್ಮ ಹೆಸರಿನಲ್ಲಿದೆ. ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಮನೆಯದ್ದು. ಇದನ್ನು ಮಕ್ಕಳಿಗೆ ಬೈಯದೆ, ಕೂರಿಸಿಕೊಂಡು ಹೇಳಿ.

ನಮ್ಮ ಕುಶಾಲು ಎಲ್ಲಿಂದ ಬರುತ್ತದೆ?

ನಮ್ಮಲ್ಲಿ ಬಾಂಬ್ ಅನ್ನುವ ಶಬ್ದ ಬಹಳ ಅಗ್ಗವಾಗಿದೆ. ದೀಪಾವಳಿಗೆ ಲಕ್ಷ್ಮಿ ಬಾಂಬ್, ಆಟಂ ಬಾಂಬ್. ರಾಜಕಾರಣಿ ಏನಾದರೂ ಹೇಳಿದರೆ ಪತ್ರಿಕೆಯಲ್ಲಿ 'ಹೊಸ ಬಾಂಬ್ ಸಿಡಿಸಿದರು'. ಬ್ಯಾಗ್ ಭಾರ ಇದ್ದರೆ "ಇದರಲ್ಲಿ ಎಂಥ ಬಾಂಬ್ ತುಂಬಿಸಿದ್ದಿ ಮಾರಾಯ್ತಿ?" ಮನೆಯಲ್ಲಿ, ಬಸ್ಸಿನಲ್ಲಿ ಇದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಅಭ್ಯಾಸ ನಾಲಿಗೆಯ ತುದಿಯಲ್ಲಿ ಕುಳಿತು ನಿಲ್ದಾಣಕ್ಕೂ ಬರುತ್ತದೆ. ನಮ್ಮವರು ಈಗಲೂ 'ಬಾಂಬೆಗೆ ಹೋಗ್ತೇನೆ' ಅನ್ನುವವರು. ಅಲ್ಲಿ 'ಮುಂಬಯಿ' ಅಂತಲೇ ಹೇಳಿ, ಯಾಕೆ ಸುಮ್ಮನೆ!

ಇನ್ನೊಂದು ವಿಷಯ. ಮೇಲೆ ಹೇಳಿದ ದೆಹಲಿಯ, ಕೊಚ್ಚಿಯ ಸಂಗತಿಗಳನ್ನು ಮತ್ತೊಮ್ಮೆ ನೋಡಿ. ಒಂದು ಕಡೆ ಎರಡನೇ ಸಲ ತಪಾಸಣೆ, ಇನ್ನೊಂದು ಕಡೆ ಕೇಳಿದ ಪ್ರಶ್ನೆಗೆ ಕಿರಿಕಿರಿ. "ನನ್ನನ್ನು ಸಂಶಯ ಪಡುತ್ತಾರಾ?" ಅನ್ನುವ ಸಿಟ್ಟು ಕುಶಾಲಿನ ವೇಷ ಹಾಕಿಕೊಂಡು ಹೊರಗೆ ಬಂತು. ಹೆಂಗಸರಲ್ಲಿ ಹೆಚ್ಚಾಗಿ ಇದು ಹೆದರಿಕೆಯಿಂದ ಬರುತ್ತದೆ. ಬ್ಯಾಂಕ್ ಮ್ಯಾನೇಜರರ ಎದುರು, ಡಾಕ್ಟರರ ಎದುರು, ಖಾಕಿ ಬಟ್ಟೆಯವರ ಎದುರು ನಮ್ಮ ಎಷ್ಟೋ ಅಕ್ಕಂದಿರು ನಗುವುದನ್ನು ನಾನು ಇಷ್ಟು ವರ್ಷಗಳ ಕೆಲಸದಲ್ಲಿ ನೋಡಿದ್ದೇನೆ. ಅದು ಸಂತೋಷದ ನಗುವಲ್ಲ. ಕೈ ನಡುಗುವುದು ಕಾಣದಿರಲಿ ಅಂತ ನಗುವುದು. ಮೊದಲ ಸಲ ವಿಮಾನ ಹತ್ತುವವರಿಗೆ ಈ ನಗು ಬರುತ್ತದೆ, ಅದರ ಬೆನ್ನಿಗೆ ಏನಾದರೂ ಒಂದು ಮಾತು ಬರುತ್ತದೆ.

ಅದಕ್ಕೆ ನನ್ನ ಸಲಹೆ: ಹೆದರಿಕೆ ಇದ್ದರೆ "ನನಗೆ ಹೆದರಿಕೆ ಆಗ್ತದೆ, ಇದು ಮೊದಲ ಸಲ" ಅಂತ ನೇರವಾಗಿ ಹೇಳಿ. ಸಿಟ್ಟು ಬಂದರೆ "ಮತ್ತೆ ಯಾಕೆ ತಪಾಸಣೆ ಮಾಡ್ತೀರಿ?" ಅಂತ ಮರ್ಯಾದೆಯಿಂದ ಕೇಳಿ. ಎರಡಕ್ಕೂ ಕೇಸು ಇಲ್ಲ.

ಹಾಗಾದರೆ ಬಾಯಿ ಮುಚ್ಚಿ ನಿಲ್ಲಬೇಕಾ?

ಖಂಡಿತ ಬೇಡ. ಇಷ್ಟು ವರ್ಷ ಸಂಘದಲ್ಲಿ ಮಾತಾಡಲು ಕಲಿತದ್ದು ನಿಲ್ದಾಣದಲ್ಲಿ ಮೂಕರಾಗಲಿಕ್ಕಲ್ಲ. ಕುಶಾಲು ಬೇರೆ, ಪ್ರಶ್ನೆ ಬೇರೆ, ದೂರು ಬೇರೆ.

• ಮಹಿಳೆಯರ ಮೈ ತಪಾಸಣೆಯನ್ನು ಮಹಿಳಾ ಸಿಬ್ಬಂದಿಯೇ, ಪರದೆಯ ಮರೆಯಲ್ಲಿ ಮಾಡಬೇಕು. ಹಾಗಿಲ್ಲದಿದ್ದರೆ ನಿಂತು ಕೇಳಿ.

• ಭಾಷೆ ಅರ್ಥವಾಗದಿದ್ದರೆ "ಕನ್ನಡ ಗೊತ್ತಿರುವವರನ್ನು ಕರೆಯಿರಿ" ಅನ್ನಿ. ಅರ್ಥವಾಗದ ಪ್ರಶ್ನೆಗೆ ನಗುತ್ತಾ "ಹೂಂ, ಹೂಂ" ಅನ್ನಬೇಡಿ.

• ಒರಟಾಗಿ ನಡೆದುಕೊಂಡರೆ ಮೇಲಧಿಕಾರಿಯನ್ನು ಕಾಣಬೇಕೆಂದು ಹೇಳಿ. ಸಮಯ, ಜಾಗ ನೆನಪಿಟ್ಟು ಆಮೇಲೆ ಬರೆದು ದೂರು ಕೊಡಬಹುದು.

• ನಿಮ್ಮ ಬ್ಯಾಗನ್ನು ನೀವೇ ತುಂಬಿಸಿ. ನೆರೆಮನೆಯವರು "ನನ್ನ ಮಗನಿಗೆ ಇದೊಂದು ಕೊಡು" ಅಂತ ತಂದ ಕಟ್ಟನ್ನು ಬಿಚ್ಚಿ ನೋಡದೆ ಹಾಕಬೇಡಿ. ಆಗ "ಇದರಲ್ಲಿ ಏನಿದೆ?" ಅಂದರೆ "ದೇವರಿಗೇ ಗೊತ್ತು" ಅನ್ನುವ ಉತ್ತರ ಬರುವುದಿಲ್ಲ.

• ಕತ್ತರಿ, ಚೂರಿ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಮೊಬೈಲಿನ ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಒಣ ಕೊಬ್ಬರಿಯಲ್ಲಿ ಎಣ್ಣೆ ಅಂಶ ಹೆಚ್ಚು, ಬೆಂಕಿ ಹಿಡಿಯುವ ವಸ್ತು ಅಂತ ಬಿಡುವುದಿಲ್ಲ. ದುಬಾಯಿಗೆ ಹೋಗುವವರು ಪಾಯಸದ ಗಸಗಸೆಯನ್ನು ಒಯ್ಯಲೇಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಪಟ್ಟಿಯಲ್ಲಿದೆ.

ಮಾತು ಜಾರಿದರೆ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆದರೂ ಜಾರಿದರೆ ಏನು ಮಾಡುವುದು ಅಂತ ತಿಳಿದಿರಬೇಕು. ಮತ್ತೆ ನಗಬೇಡಿ, ಅಲ್ಲಿಂದ ದೂರ ಹೋಗಬೇಡಿ, ವಾದ ಮಾಡಬೇಡಿ. "ನಾನು ಹೇಳಿದ್ದು ನಿಜವಲ್ಲ, ತಪ್ಪಾಯಿತು, ಬೇಕಾದರೆ ಎಲ್ಲ ತಪಾಸಣೆ ಮಾಡಿ" ಅಂತ ಒಂದೇ ಮಾತಿನಲ್ಲಿ ಹೇಳಿ. ಓದದೆ, ಅರ್ಥವಾಗದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಬಂಧಿಸಿದರೆ ಕಾರಣ ಹೇಳಬೇಕು, ನಿಮ್ಮ ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಬೇಕು. ವಿಶೇಷ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. 15100 ನಂಬರಿಗೆ ಕರೆ ಮಾಡಬಹುದು. ಈ ನಂಬರನ್ನು ಈಗಲೇ ನಿಮ್ಮ ಮೊಬೈಲಿನಲ್ಲಿ ಹಾಕಿಕೊಳ್ಳಿ. ವಿಮಾನ ಹತ್ತದಿದ್ದರೂ ಬೇಕಾಗುತ್ತದೆ.

ಸಂಘದಲ್ಲಿ ಏನು ಮಾಡಬಹುದು?

ಯಾರಾದರೂ ಸದಸ್ಯೆ ಅಥವಾ ಅವರ ಮನೆಯವರು ವಿದೇಶಕ್ಕೆ ಹೊರಡುತ್ತಾರೆಂದು ಗೊತ್ತಾದರೆ ಹಿಂದಿನ ವಾರದ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ. ಒಬ್ಬರು ತಪಾಸಣೆಯವರಾಗಲಿ, ಒಬ್ಬರು ಪ್ರಯಾಣಿಕರಾಗಲಿ. "ಬ್ಯಾಗ್ ಯಾರದ್ದು? ಯಾರು ತುಂಬಿಸಿದ್ದು? ಒಳಗೆ ಏನಿದೆ?" ಅಂತ ಹಿಂದಿಯಲ್ಲೂ ಕನ್ನಡದಲ್ಲೂ ಕೇಳಲಿ. ಉತ್ತರವನ್ನು ಬಾಯಿಪಾಠ ಮಾಡಿಸಿ. ಅಲ್ಲಿ ಎಷ್ಟು ಬೇಕಾದರೂ ನಗಿ, ಕುಶಾಲೆಲ್ಲ ಅಲ್ಲೇ ಮುಗಿಯಲಿ. ಮಗಳನ್ನು ಕಳಿಸುವ ದಿನ ಗೇಟಿನ ಹೊರಗೆ ನಿಂತು "ಬಾಂಬ್ ಗೀಂಬ್ ಇಟ್ಟಿದ್ದೀಯೇನೇ?" ಅಂತ ಕೂಗಿ ಬೀಳ್ಕೊಡುವ ಮಾವಂದಿರಿಗೂ ಇದನ್ನು ತಿಳಿಸಿ.

ಮುಂದಿನ ಸಭೆಯಲ್ಲಿ ಚರ್ಚಿಸಲು ಕೆಳಗಿನ ಪ್ರಶ್ನೆಗಳನ್ನು ಕೊಟ್ಟಿದ್ದೇನೆ. ಪ್ರತಿ ಸಂಘದಿಂದ ಒಬ್ಬರು ಉತ್ತರ ಬರೆದು ತನ್ನಿ. 

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಈ ವರ್ಷ ವಿಮಾನ ಪ್ರಯಾಣ ಮಾಡುವವರು ಯಾರು? ಅವರ ಜೊತೆ ಯಾರು ಕುಳಿತು ಮಾತಾಡುತ್ತೀರಿ?

2. 2022ರಲ್ಲಿ ಮಂಗಳೂರಿನ ವಿಮಾನದಲ್ಲಿ ಮೆಸೇಜ್ ನೋಡಿ ಸಿಬ್ಬಂದಿಗೆ ತಿಳಿಸಿದ ಮಹಿಳೆ ಮಾಡಿದ್ದು ಸರಿಯೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

3. ಹೆದರಿಕೆಯಾದಾಗ ನಾವು ನಗುವ ಜಾಗಗಳು ಯಾವುವು? ಅಲ್ಲಿ ನಗುವ ಬದಲು ಏನು ಹೇಳಬಹುದು?

4. ಮನೆಯಲ್ಲಿ ಯಾರ ಹೆಸರಿನಲ್ಲಿ ಎಷ್ಟು ಸಿಮ್ ಇದೆ, ಅದು ಯಾರ ಕೈಯಲ್ಲಿದೆ ಎಂದು ಬರೆದುಕೊಳ್ಳಿ.